ಕಲಬುರಗಿ, ಕಮಲಾಪುರದ ಬೇಸಿಗೆ ಸೂಟಿ

ಕಲಬುರಗಿ ಸೀಮೆಯಲ್ಲಿ ಹೋಳಿಹುಣ್ಣಿಮೆಯ ಬೆನ್ನಿಗೇ ಬೇಸಿಗೆ ಬರುತ್ತದೆ. ಹೋಳಿಯ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆದ ಮೇಲೆ ಬಿಸಿಲು ಏರುತ್ತಲೇ ಹೋಗಿ, ಏಪ್ರಿಲ್–ಮೇ ಹೊತ್ತಿಗೆ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಹೊಸದಲ್ಲ. ಮೃಗಶಿರಾ ಮಳೆಯ ವರೆಗಿನ ಈ ಎರಡೂವರೆ ತಿಂಗಳು ಹರೆಯದ ಮಕ್ಕಳ ತಂದೆತಾಯಿಗೆ ಹಿಂದೆ ಮಕ್ಕಳನ್ನು ಕೆಲಸಕ್ಕೆ ಹಚ್ಚುವ, ಮದುವೆ ಮಾಡಿ ಕಳಿಸುವ ಕಾಲವಾಗಿತ್ತು. ಈಗ ಅದು ಅಂಕಪಟ್ಟಿಯ ಕಾಲ.

ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ತೊಗರಿ, ಬಿಳಿಜೋಳದ ರಾಶಿ ಮುಗಿದರೂ ಹೊಲದ ಕೆಲಸ ಮುಗಿಯುತ್ತಿರಲಿಲ್ಲ. ತೊಗರಿ ಕಟ್ಟಿಗೆ ಒಟ್ಟಬೇಕು, ತಿಪ್ಪೆಗೊಬ್ಬರ ಬಂಡಿಯಲ್ಲಿ ಹೇರಬೇಕು, ಮಳೆಗೆ ಮುಂಚೆ ಹೊಲ ಹರಗಬೇಕು. ಮೀಸೆ ಚಿಗುರುವ ವಯಸ್ಸಿನ ಹುಡುಗ ತಂದೆಯ ಜೊತೆ ನಸುಕಿನಲ್ಲೇ ಎತ್ತು ಹೂಡಿ, ಬಿಸಿಲು ಬಲಿಯುವಷ್ಟರಲ್ಲಿ ಮನೆಗೆ ಬರುತ್ತಿದ್ದ. ಒಕ್ಕಲುತನ ಕಲಿತದ್ದು ಹೀಗೆಯೇ. ಭೌಗೋಳಿಕ ಸೂಚಿ ಪಡೆದಿರುವ ಕಮಲಾಪುರದ ಕೆಂಪು ಬಾಳೆ ಕೈಗೆ ಬರಲು ವರ್ಷಕ್ಕೂ ಹೆಚ್ಚು ಬೇಕು, ನೀರೂ ಹೆಚ್ಚು ಬೇಕು. ಬಾಳೆ ತೋಟವಿದ್ದವರ ಮಕ್ಕಳಿಗೆ ಬೇಸಿಗೆಯಲ್ಲೂ ಬಾವಿಯ ಕೆಲಸ ತಪ್ಪುತ್ತಿರಲಿಲ್ಲ.

ಹೆಣ್ಣುಮಕ್ಕಳ ಪಾಲಿಗೆ ಬೇಸಿಗೆ ಎಂದರೆ ವರ್ಷದ ಸಾಮಾನು. ಶಾವಿಗೆ, ಹಪ್ಪಳ, ಸಂಡಿಗೆ, ಖಾರದ ಪುಡಿ, ಮಾವಿನ ಉಪ್ಪಿನಕಾಯಿ ಎಲ್ಲಕ್ಕೂ ಈ ಬಿಸಿಲೇ ಬೇಕು. ಓಣಿಯ ಹೆಂಗಸರು ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಕೂಡುತ್ತಿದ್ದರು. ತಾಯಿ ಹಿಟ್ಟಿನ ಹದ ನೋಡಿದರೆ ಮಗಳು ಎಳೆ ತುಂಡಾಗದಂತೆ ಶಾವಿಗೆಯನ್ನು ಕೋಲಿನ ಮೇಲೆ ಹರವುತ್ತಿದ್ದಳು. ಒಣಗಲು ಹಾಕಿದ ಸಂಡಿಗೆಯಿಂದ ಕಾಗೆ ಓಡಿಸುವುದು ತಮ್ಮಂದಿರ ಪಾಲಿಗೆ. ಆದರೆ ಇದೇ ತಿಂಗಳುಗಳು ಮದುವೆಯ ಹಂಗಾಮೂ ಹೌದು. ಶಾಲೆ ಬಿಡಿಸಿದ ಹುಡುಗಿ ಅಕ್ಷಯ ತೃತೀಯಕ್ಕೆ ಮದುಮಗಳಾಗುತ್ತಿದ್ದ ಮನೆಗಳು ಬಹಳ. 18 ತುಂಬದ ಹುಡುಗಿಯ ಮದುವೆಯನ್ನು ಆರಂಭದಿಂದಲೇ ಅಸಿಂಧುವೆಂದು ಸಾರುವ ರಾಜ್ಯದ ತಿದ್ದುಪಡಿ ಬಂದದ್ದು ತೀರ ಈಚೆಗೆ, ಕಳೆದ ದಶಕದಲ್ಲಿ. ಹಳೆಯ ಬೇಸಿಗೆಯನ್ನು ಸಿಹಿಯಾಗಿ ನೆನೆಯುವವರು ಈ ಮಾತನ್ನು ಬಿಡುವಂತಿಲ್ಲ.

ರಾತ್ರಿ ಎಲ್ಲರೂ ಮಾಳಗಿಯ ಮೇಲೆ. ಶಹಾಬಾದ ಫರ್ಸಿ ಹಾಸಿದ ಮನೆಗಳು ಹಗಲಿನ ಕಾವನ್ನು ಬೇಗ ಬಿಡುವುದಿಲ್ಲ. ಸಂಜೆ ಮಾಳಗಿಗೆ ನೀರು ಚಿಮುಕಿಸಿ, ಹಾಸಿಗೆ ಹಾಸಿ, ಕುಡಿಯಲು ಬಿಂದಿಗೆ ಇಡುವುದು ಮಕ್ಕಳ ಕೆಲಸ. ಹಗಲು ಹೆಚ್ಚು ಮಾತಾಡದ ತಂದೆ ಮಗನೊಡನೆ ಮಾತಿಗೆ ಕೂಡುತ್ತಿದ್ದದ್ದು ಅಲ್ಲೇ.

ನಗರದ ಕಥೆ ಬೇರೆ. ನಿಜಾಮರ ಆಳ್ವಿಕೆಯಲ್ಲಿ ಮೇಲಿನ ತರಗತಿಗಳ ಕಲಿಕೆ ಉರ್ದುವಿನಲ್ಲಿತ್ತು. ಕನ್ನಡದ ಮನೆಯ ಹುಡುಗರಲ್ಲಿ ಅಲ್ಲಿಯವರೆಗೆ ಹೋಗುತ್ತಿದ್ದವರು ಕೆಲವರೇ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಊರಲ್ಲೇ ಡಾಕ್ಟರ್, ಇಂಜಿನಿಯರ್ ಆಗುವ ದಾರಿ ಕಂಡ ಮೇಲೆ ಮಗನನ್ನೂ ಮಗಳನ್ನೂ ಓದಿಸಬೇಕೆಂಬ ಆಸೆ ಸಣ್ಣ ನೌಕರರ ಮನೆಗೂ ಹಬ್ಬಿತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಯಾಗಿ, ಈ ಭಾಗದವರಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿತು. ಅಲ್ಲಿಂದ ಪಾಲಕರ ಬೇಸಿಗೆಗೆ ಪ್ರಮಾಣಪತ್ರಕ್ಕಾಗಿ ಕಚೇರಿ ಸುತ್ತುವ ಕೆಲಸವೂ ಸೇರಿತು. ಬೇಸಿಗೆಯಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುವುದರಿಂದ ಹಳ್ಳಿಯವರು ನಸುಕಿನ ಬಸ್ಸನ್ನೇ ಹಿಡಿಯಬೇಕು.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. 2017ರಲ್ಲಿ ಪೂರ್ತಿಯಾದ ಕಲಬುರಗಿ–ಬೀದರ್ ರೈಲುಮಾರ್ಗ ಅಲ್ಲಿಂದಲೇ ಹಾಯುತ್ತದೆ. ಆದರೆ ಸುತ್ತಿನ ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಹೋಗುವುದು ನಿಂತಿಲ್ಲ. ಅಂಥ ಮನೆಗಳಲ್ಲಿ ಹತ್ತನೆಯ ತರಗತಿಯ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಕೆಲಸಕ್ಕೆ ಜೊತೆಗೆ ಹೋಗುತ್ತಾರೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಇದರಲ್ಲಿ ಗುಳೆಯ ಪಾಲೂ ಇದೆ ಎಂಬುದನ್ನು ಮರೆತು ಮಕ್ಕಳನ್ನು ದೂರುವುದು ಅನ್ಯಾಯ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ಮೊದಲನೆಯದರಲ್ಲಿ ಫೇಲಾದವರು ಸೂಟಿಯಲ್ಲೇ ಓದಿ ಮತ್ತೆ ಬರೆಯುತ್ತಾರೆ, ಊರಿಗೆ ಮರಳಿದ ತಾಯಂದಿರು ಅವರನ್ನು ನಸುಕಿಗೇ ಎಬ್ಬಿಸುತ್ತಾರೆ.