ಕರ್ನಾಟಕದಲ್ಲಿ ಕ್ರಿಕೆಟ್ ಬೆಟ್ಟಿಂಗ್

ಕ್ರಿಕೆಟ್ ಬೆಟ್ಟಿಂಗ್ ಎಂದರೆ ಕ್ರಿಕೆಟ್ ಪಂದ್ಯದ ಫಲಿತಾಂಶವನ್ನಾಗಲಿ ಪಂದ್ಯದೊಳಗಿನ ಯಾವುದಾದರೊಂದು ಘಟನೆಯನ್ನಾಗಲಿ ಮುಂದಾಗಿ ಊಹಿಸಿ, ಆ ಊಹೆಯ ಮೇಲೆ ಹಣ ಕಟ್ಟುವುದು. ಕರ್ನಾಟಕದಲ್ಲಿ ಪರವಾನಗಿ ಪಡೆದ ಕುದುರೆ ಪಂದ್ಯಗಳ ಮೇಲೆ ಬಾಜಿ ಕಟ್ಟಲು ಅವಕಾಶವಿದೆ; ಕ್ರಿಕೆಟ್ಟಿಗೆ ಅಂತಹ ಪರವಾನಗಿಯ ವ್ಯವಸ್ಥೆ ಇಲ್ಲ. ಇದನ್ನು ಕಾನೂನುಬದ್ಧಗೊಳಿಸಿ ತೆರಿಗೆ ಮತ್ತು ನಿಯಂತ್ರಣಕ್ಕೆ ಒಳಪಡಿಸಬೇಕೆ ಅಥವಾ ಪೂರ್ಣವಾಗಿ ನಿಷೇಧಿಸಬೇಕೆ ಎಂಬ ಚರ್ಚೆ ಹಲವು ವರ್ಷಗಳಿಂದ ನಡೆದಿದೆ. ಈ ಲೇಖನವು ಆ ಚರ್ಚೆಯನ್ನು ಮುಖ್ಯವಾಗಿ ಧಾರವಾಡ ಜಿಲ್ಲೆಯ ಗ್ರಾಮೀಣ ಭಾಗದ ಹಿನ್ನೆಲೆಯಲ್ಲಿ ನೋಡುತ್ತದೆ.

ಪಂತ ಮತ್ತು ಜೂಜು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಂತ ಕಟ್ಟುವುದು ಹೊಸದಲ್ಲ. ನಾಗರ ಪಂಚಮಿಯಲ್ಲಿ ಇಷ್ಟು ಎಸೆತಗಳಲ್ಲಿ ನಿಂಬೆಹಣ್ಣನ್ನು ಇಂತಹ ಸ್ಥಳಕ್ಕೆ ಮುಟ್ಟಿಸುವ, ಜೋಳದ ಚೀಲ ಹೊತ್ತು ನಡೆಯುವ, ಗುಂಡು ಎತ್ತುವ ಪಂತಗಳು ಈಗಲೂ ನಡೆಯುತ್ತವೆ. ಇಲ್ಲಿ ಪಂತ ಕಟ್ಟಿದವನು ಸಾಮಾನ್ಯವಾಗಿ ತನ್ನ ತೋಳಿನ ಬಲದ ಮೇಲೆಯೇ ಕಟ್ಟುತ್ತಾನೆ, ನೋಡುವವರು ಊರಿನವರೇ, ಆಟ ಮುಗಿದಲ್ಲಿಗೆ ಲೆಕ್ಕವೂ ಮುಗಿಯುತ್ತದೆ. ಜೂಜಿನ ಸ್ವರೂಪ ಬೇರೆ. ಸೋತವನು ಕಳೆದುದನ್ನು ಮರಳಿ ಪಡೆಯಲು ಮತ್ತೆ ಒಡ್ಡುತ್ತಾನೆ. ಇದೇ ಜಿಲ್ಲೆಯ ಕೋಳಿವಾಡದ ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಧರ್ಮರಾಯನ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ.

ಕ್ರಿಕೆಟ್ಟಿಗೆ ಮೊದಲು ಈ ಭಾಗದಲ್ಲಿ ಬೇರೂರಿದ್ದು ಓ.ಸಿ. ಎಂದು ಕರೆಯಲಾಗುವ ಮಟ್ಕಾ. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಮುಂಬಯಿಯಲ್ಲಿ ಬಾಜಿ ಕಟ್ಟುತ್ತಿದ್ದ ರೂಢಿಯಿಂದ ಅದು ಹುಟ್ಟಿತು. 1960ರ ದಶಕದಲ್ಲಿ ಅಂಕಿಗಳನ್ನು ಎತ್ತುವ ಆಟವಾಯಿತು. ಹತ್ತಿಯ ದರದಿಂದ ಹುಟ್ಟಿದ ಜೂಜು ಹತ್ತಿ ಬೆಳೆಯುವ ಸೀಮೆಗೇ ಬಂದು ನೆಲೆಸಿದ್ದು ವಿಚಿತ್ರವೇ ಸರಿ. ಲಾಟರಿಯನ್ನು ರಾಜ್ಯ ಸರ್ಕಾರವು 2007ರಲ್ಲಿ ನಿಷೇಧಿಸಿತು.

ಬೆಟ್ಟಿಂಗ್ ನಡೆಯುವ ರೀತಿ

2008ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದ ಮೇಲೆ ಬಾಜಿಗೆ ಒಂದು ಋತುವೇ ಏರ್ಪಟ್ಟಿತು. ಪಂದ್ಯಾವಳಿ ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ನಡೆಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಅಷ್ಟರೊಳಗೆ ಹಿಂಗಾರಿನ ಕಡಲೆ ಮಾರಾಟವಾಗಿರುತ್ತದೆ. ಮುಂಗಾರಿನ ಹೆಸರು, ಹತ್ತಿ ಬಿತ್ತನೆಗೆ ಬೀಜ, ಗೊಬ್ಬರ ಇನ್ನೂ ಕೊಂಡಿರುವುದಿಲ್ಲ. ಕಲಘಟಗಿ ತಾಲ್ಲೂಕಿನ ತಂಬೂರದಂತಹ ಅರೆಮಲೆನಾಡಿನ ಊರುಗಳಲ್ಲಿಯೂ ಅದು ಹೊಲದ ಕೆಲಸ ಕಡಿಮೆ ಇರುವ ಕಾಲ. ಕೈಯಲ್ಲಿ ಹಣ, ಬಿಡುವು, ಪ್ರತಿ ಸಂಜೆ ಪಂದ್ಯ ಒಟ್ಟಿಗೆ ಕೂಡಿ ಬರುವ ಈ ಎರಡು ತಿಂಗಳಲ್ಲಿ ಒಡ್ಡುವ ಹಣ ಅನೇಕ ವೇಳೆ ಬಿತ್ತನೆಯ ಹಣವೇ ಆಗಿರುತ್ತದೆ.

ಬುಕ್ಕಿಯು ಗೆಲ್ಲುವ ಸಾಧ್ಯತೆ ಹೆಚ್ಚಿರುವ ತಂಡಕ್ಕೆ ಎರಡು ದರ ಹೇಳುತ್ತಾನೆ. ದರ 60-62 ಪೈಸೆ ಎಂದಿಟ್ಟುಕೊಳ್ಳೋಣ. ಆ ತಂಡದ ಪರ 100 ರೂಪಾಯಿ ಕಟ್ಟಿದವನು ಗೆದ್ದರೆ 60 ರೂಪಾಯಿ ಪಡೆಯುತ್ತಾನೆ. ವಿರುದ್ಧ ಕಟ್ಟುವವನು 100 ರೂಪಾಯಿ ಗೆಲ್ಲಲು 62 ರೂಪಾಯಿ ಒಡ್ಡಬೇಕು. ಇಬ್ಬರೂ ಒಬ್ಬನೇ ಬುಕ್ಕಿಯಲ್ಲಿ ಕಟ್ಟಿದ್ದರೆ, ಆ ತಂಡ ಗೆದ್ದಾಗ ಅವನಿಗೆ 62 ರೂಪಾಯಿ ಬಂದು 60 ಹೋಗುತ್ತದೆ. ಸೋತಾಗ ಬಂದ 100 ಹಾಗೆಯೇ ಹೋಗುತ್ತದೆ. ಎರಡೂ ಕಡೆಯ ಬಾಜಿಗಳು ಸಮನಾಗಿದ್ದರೆ ಬುಕ್ಕಿಗೆ ನಷ್ಟವೆಂಬುದಿಲ್ಲ. ಹೀಗಾಗಿ ಕ್ರಿಕೆಟ್ಟಿನ ಜ್ಞಾನವಿದ್ದರೆ ಗೆಲ್ಲಬಹುದೆಂಬ ನಂಬಿಕೆಗೆ ಆಧಾರ ಬಹಳ ಕಡಿಮೆ. ಇದರ ಜೊತೆಗೆ ಮೊದಲ 6 ಓವರುಗಳಲ್ಲಿ ಎಷ್ಟು ರನ್ ಎಂಬಂತಹ ‘ಸೆಷನ್’ ಬಾಜಿಗಳಿವೆ. ಒಂದು ಪಂದ್ಯದಲ್ಲಿ ಒಂದೇ ಬಾರಿ ಸೋಲುತ್ತಿದ್ದವನು ಇವುಗಳಿಂದ ಹತ್ತಾರು ಬಾರಿ ಸೋಲಬಲ್ಲನು. ಮೊಬೈಲ್ ಬಂದ ಮೇಲೆ ದಲ್ಲಾಳಿಯು ‘ಐಡಿ’ಯೊಂದನ್ನು ಕೊಟ್ಟು ಸಾಲದ ಮೇಲೆಯೇ ಆಡಲು ಬಿಡುವ ಪದ್ಧತಿಯೂ ಬಂದಿದೆ.

ಕಾನೂನಿನ ಸ್ಥಿತಿ

ಸಂವಿಧಾನದ 7ನೆಯ ಅನುಸೂಚಿಯಲ್ಲಿ ಬಾಜಿ ಮತ್ತು ಜೂಜು ರಾಜ್ಯ ಪಟ್ಟಿಯ 34ನೆಯ ವಿಷಯ. 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. (ಆ ಪ್ರಕರಣದ ಪದಬಂಧ ಸ್ಪರ್ಧೆ ನಡೆಯುತ್ತಿದ್ದುದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯ ಮೂಲಕ.) 1968ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಮುಖ್ಯವಾಗಿ ಕೌಶಲದ ಆಟಗಳೆಂದು ಅದೇ ನ್ಯಾಯಾಲಯ ಪರಿಗಣಿಸಿತು.

ರಾಜ್ಯದಲ್ಲಿ ಜಾರಿಯಲ್ಲಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದರ 2(7)ನೆಯ ಕಲಮಿನಲ್ಲಿ ಜೂಜೆಂದರೆ ಅದೃಷ್ಟದ ಆಟದ ಮೇಲಿನ ಬಾಜಿ. ಆದರೆ ಅದೃಷ್ಟದ ಆಟ ಎಂಬ ಪದದಲ್ಲಿ ಅಂಗಸಾಧನೆಯ ಆಟವಾಗಲಿ ಕ್ರೀಡೆಯಾಗಲಿ ಸೇರುವುದಿಲ್ಲ ಎಂಬ ವಿವರಣೆಯೂ ಅಲ್ಲಿದೆ. ಈ ಸಣ್ಣ ವಿವರಣೆಯ ಮಹತ್ವ ತಿಳಿದುಬಂದುದು ಕರ್ನಾಟಕ ಪ್ರೀಮಿಯರ್ ಲೀಗ್ ಪ್ರಕರಣದಲ್ಲಿ. ಹುಬ್ಬಳ್ಳಿ ಮತ್ತು ಬಳ್ಳಾರಿ ತಂಡಗಳ ನಡುವಣ 2019ರ ಅಂತಿಮ ಪಂದ್ಯವೂ ಸೇರಿದಂತೆ ಕೆಲವು ಪಂದ್ಯಗಳಲ್ಲಿ ಮೋಸದಾಟ ನಡೆದಿದೆಯೆಂದು ಬೆಂಗಳೂರು ಪೊಲೀಸರು ಆಟಗಾರರು ಮೊದಲಾದವರನ್ನು ಬಂಧಿಸಿದ್ದರು. 2022ರ ಜನವರಿಯಲ್ಲಿ ಹೈಕೋರ್ಟ್ ವಂಚನೆಯ ಆರೋಪಗಳನ್ನು ರದ್ದುಪಡಿಸಿತು. ಮೋಸದಾಟಕ್ಕೆ ಶಿಸ್ತುಕ್ರಮ ಕೈಗೊಳ್ಳಬೇಕಾದುದು ಕ್ರಿಕೆಟ್ ಮಂಡಳಿ ಎಂದೂ, ಕ್ರಿಕೆಟ್ ಕ್ರೀಡೆಯಾದುದರಿಂದ ಅದರ ಮೇಲಿನ ಬೆಟ್ಟಿಂಗ್ ಈ ಕಾಯ್ದೆಯ ಜೂಜಿನ ವ್ಯಾಖ್ಯೆಗೆ ಒಳಪಡದೆಂದೂ ಅದು ಅಭಿಪ್ರಾಯಪಟ್ಟಿತು. ಕ್ರೀಡೆಯನ್ನು ಕಾಪಾಡಲು ಬರೆದ ಮಾತು ಕ್ರೀಡೆಯ ಹೆಸರಿನಲ್ಲಿ ನಡೆಯುವ ಬಾಜಿಗೆ ಆಸರೆಯಾದಂತಾಯಿತು.

ಇದಕ್ಕೆ ಸ್ವಲ್ಪ ಮೊದಲು, 2021ರ ಅಕ್ಟೋಬರ್ 5ರಂದು, ಹಣ ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ ಆಟಗಳನ್ನೂ ಸೇರಿಸಿ ನಿಷೇಧಿಸುವ ತಿದ್ದುಪಡಿ ರಾಜ್ಯದಲ್ಲಿ ಜಾರಿಗೆ ಬಂದಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ಅಸಿಂಧುಗೊಳಿಸಿತು. ಮುಂದೆ ಕೇಂದ್ರವೇ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ರಚಿಸಿತು. ಅದಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡವನ್ನು ಅದು ವಿಧಿಸುತ್ತದೆ. ಆಡಿದವರಿಗೆ ಶಿಕ್ಷೆ ಇಲ್ಲ. ಕರ್ನಾಟಕ ಹೈಕೋರ್ಟಿನಲ್ಲಿಯೂ ಇದನ್ನು ಪ್ರಶ್ನಿಸಲಾಯಿತು; ಇಂತಹ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಚಹಾದಂಗಡಿಯ ಮುಂದೆ ನಗದಿನಲ್ಲಿ ನಡೆಯುವ ಬಾಜಿ ಈ ಆನ್‌ಲೈನ್ ಕಾಯ್ದೆಯ ವಿಷಯವಲ್ಲ.

ಪರ ಮತ್ತು ವಿರೋಧ

ನ್ಯಾಯಮೂರ್ತಿ ಆರ್. ಎಂ. ಲೋಧಾ ಸಮಿತಿಯು 2016ರಲ್ಲಿ, ಆಟಗಾರರನ್ನೂ ಆಡಳಿತಗಾರರನ್ನೂ ಹೊರಗಿಟ್ಟು ಕ್ರಿಕೆಟ್ ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಲು ಶಿಫಾರಸು ಮಾಡಿತು. ಭಾರತದ ಕಾನೂನು ಆಯೋಗದ 276ನೆಯ ವರದಿ (2018) ನಿಷೇಧ ಸಾಧ್ಯವಾಗದಿದ್ದರೆ ನಿಯಂತ್ರಣವೇ ದಾರಿ ಎಂದಿತು: ನಗದುರಹಿತ ವ್ಯವಹಾರ, ಆಧಾರ್ ಅಥವಾ ಪ್ಯಾನ್ ಜೋಡಣೆ, ಬಾಜಿಗಳ ಸಂಖ್ಯೆಗೆ ಮಿತಿ, ಅಪ್ರಾಪ್ತರಿಗೂ ಬಡತನ ರೇಖೆಗಿಂತ ಕೆಳಗಿನವರಿಗೂ ನಿರ್ಬಂಧ. ಪರ ವಾದಿಸುವವರ ಪ್ರಕಾರ ಬಹಿರಂಗವಾದ ವ್ಯವಹಾರದ ಮೇಲೆ ಕಣ್ಣಿಡಬಹುದು, ಮೋಸದಾಟವನ್ನು ಬೇಗ ಗುರುತಿಸಬಹುದು, ತೆರಿಗೆಯೂ ಬರುತ್ತದೆ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಹಳ್ಳಿಯ ಮಟ್ಟಿಗೆ ಆಯೋಗದ ಕೊನೆಯ ನಿರ್ಬಂಧವೇ ತೊಡಕಿನದು. ಬಿ.ಪಿ.ಎಲ್. ಚೀಟಿಯ ಕುಟುಂಬದ ತರುಣನಿಗೆ ಪರವಾನಗಿಯ ಅಂಗಡಿ ಮುಚ್ಚಿರುತ್ತದೆ, ಹಳೆಯ ಬುಕ್ಕಿಯ ಬಾಗಿಲು ತೆರೆದೇ ಇರುತ್ತದೆ. 2025ರ ಕಾಯ್ದೆಯ ಸಂದರ್ಭದಲ್ಲಿ ಕೇಂದ್ರ ಸರ್ಕಾರವು ಆನ್‌ಲೈನ್ ಹಣದ ಆಟಗಳಿಂದ ವರ್ಷಕ್ಕೆ 20,000 ಕೋಟಿ ರೂಪಾಯಿ ನಷ್ಟವಾಗುತ್ತಿದೆಯೆಂದು ಅಂದಾಜಿಸಿತ್ತು.

ಸಾಲ ಮತ್ತು ಕುಟುಂಬ

1872ರ ಕರಾರು ಕಾಯ್ದೆಯ 30ನೆಯ ಕಲಮಿನ ಪ್ರಕಾರ ಬಾಜಿಯ ಕರಾರು ಅನೂರ್ಜಿತ. ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಸೋತವನಿಗೆ ಇದು ರಕ್ಷಣೆಯಾಗಬೇಕಿತ್ತು. ವಾಸ್ತವದಲ್ಲಿ, ನ್ಯಾಯಾಲಯಕ್ಕೆ ಹೋಗಲಾರದ ಬುಕ್ಕಿ ಬೆದರಿಕೆಯಿಂದ ವಸೂಲಿಗೆ ಇಳಿಯುತ್ತಾನೆ. ಸೋತವನು ಆ ಬಾಕಿ ತೀರಿಸಲು ಹುಬ್ಬಳ್ಳಿ-ಧಾರವಾಡದಲ್ಲಿ ‘ಮೀಟರ್ ಬಡ್ಡಿ’ ಎಂದು ಹೆಸರಾದ ದುಬಾರಿ ಸಾಲ ಮಾಡುತ್ತಾನೆ. ಅಲ್ಲಿಂದ ಮುಂದೆ ಕಾಗದದಲ್ಲಿ ಉಳಿಯುವುದು ಬಾಜಿಯಲ್ಲ, ಕೈಗಡ. ಅಡವಿಡುವ ಚಿನ್ನ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳದು, ಅವರು ಆಟ ನೋಡಿರುವುದೂ ಇಲ್ಲ. ಅತಿಬಡ್ಡಿಯನ್ನು ನಿಷೇಧಿಸುವ 2004ರ ರಾಜ್ಯ ಕಾಯ್ದೆ ಇಂತಹ ಸಾಲಗಾರರಿಗೆ ಅನ್ವಯಿಸುತ್ತದೆ. ದೂರು ಕೊಡಲು ಬರುವವರು ಮಾತ್ರ ವಿರಳ, ಏಕೆಂದರೆ ದೂರು ಕೊಟ್ಟರೆ ಸಾಲದ ಮೂಲವನ್ನೂ ಹೇಳಬೇಕಾಗುತ್ತದೆ.

ಚಿಕಿತ್ಸೆ

ಬಿಡಲಾಗದ ಜೂಜನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವು ವ್ಯಸನಕಾರಿ ನಡವಳಿಕೆಯ ಕಾಯಿಲೆಯೆಂದು ಗುರುತಿಸಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂದು ಕರೆಯುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ತಂತ್ರಜ್ಞಾನದ ಅತಿಬಳಕೆಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ನಡೆಸುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ವ್ಯಸನಿಯ ಮನೆಯವರೂ ಕರೆ ಮಾಡಬಹುದು.