ಮುಕ್ಕಾಲು ಪಾಲಿನ ಷರತ್ತು: ಅಂತರ್ಜಾಲ ಬರಹದ ಬೆಲೆ ಕುರಿತು ಒಂದು ಮರುಪರಿಶೀಲನೆ

ಅಂತರ್ಜಾಲದಲ್ಲಿ ಬರೆಯುವವರು ಓದುಗರಿಂದ ಹಣ ಕೇಳಬೇಕೇ ಎಂಬ ಚರ್ಚೆಯಲ್ಲಿ ಕ್ರಿಸ್ ಆಂಡರ್ಸನ್ ಅವರ ‘ಫ್ರೀ’ (2009) ಕೃತಿಯನ್ನು ಬದಿಗಿಟ್ಟು ಮುಂದುವರಿಯುವಂತಿಲ್ಲ. ಡಿಜಿಟಲ್ ಪ್ರತಿ ತೆಗೆಯುವ ಖರ್ಚು ಸೊನ್ನೆಗೆ ಇಳಿದಂತೆ ಬೆಲೆಯೂ ಅತ್ತಲೇ ಜಾರುತ್ತದೆ, ಲೇಖಕ ತನ್ನ ಸಂಪಾದನೆಯನ್ನು ಬೇರೆ ಕಡೆ ನೋಡಿಕೊಳ್ಳಬೇಕು ಎಂಬುದು ಅದರ ವಾದ. ಇದನ್ನು ನಿಯಮವೆಂದು ಒಪ್ಪಲಾಗದೆಂದು ಮ್ಯಾಲ್ಕಮ್ ಗ್ಲ್ಯಾಡ್‌ವೆಲ್ ಅದೇ ವರ್ಷ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದರು. ಮಾಹಿತಿ ಉಚಿತವಾಗಲು ಹಾತೊರೆಯುತ್ತದೆ ಎಂಬ ಸ್ಟೂವರ್ಟ್ ಬ್ರ್ಯಾಂಡ್ ಅವರ 1984ರ ಮಾತನ್ನು ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದು ದುಬಾರಿಯಾಗಲೂ ಬಯಸುತ್ತದೆ ಎಂದು ಅವರು ಅಲ್ಲಿಯೇ ಹೇಳಿದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಇಷ್ಟು ಪೂರ್ವಪಕ್ಷ ಸಾಕು. ನನ್ನ ತಕರಾರು ಇರುವುದು ಓದುಗರು ಕಾಸು ಬಿಚ್ಚುವುದಿಲ್ಲ ಎಂಬುದಕ್ಕೆ ಪದೇ ಪದೇ ಸಾಕ್ಷಿಯಾಗಿ ಬರುವ ಒಂದು ಪ್ರಸಂಗದ ಬಗ್ಗೆ.

ಸ್ಟೀಫನ್ ಕಿಂಗ್ 2000ದ ಜುಲೈನಲ್ಲಿ ‘ದಿ ಪ್ಲಾಂಟ್’ ಕಾದಂಬರಿಯನ್ನು ತಮ್ಮ ಜಾಲತಾಣದಲ್ಲಿ ಕಂತುಕಂತಾಗಿ ಪ್ರಕಟಿಸತೊಡಗಿದರು. ಪ್ರಕಾಶನ ಸಂಸ್ಥೆಯೊಂದರ ಕಚೇರಿಯೊಳಗೆ ಬೆಳೆಯುವ ಗಿಡದ ಕಥೆ ಅದು. ಅದರ ಆರಂಭದ ಭಾಗಗಳನ್ನು ಅವರು 1980ರ ದಶಕದಲ್ಲಿ ಕ್ರಿಸ್‌ಮಸ್ ಉಡುಗೊರೆಯಾಗಿ ಅಚ್ಚು ಹಾಕಿಸಿ ಆಪ್ತರಿಗೆ ಹಂಚಿದ್ದರು. ಕಂತಿಗೆ ಒಂದು ಡಾಲರ್. ಫೈಲಿಗೆ ಬೀಗವಿರಲಿಲ್ಲ, ಹಣ ಕೊಡುವುದು ಓದುಗರ ಪ್ರಾಮಾಣಿಕತೆಗೆ ಬಿಟ್ಟದ್ದು. ಆದರೆ ಡೌನ್‌ಲೋಡ್‌ಗಳ ಪೈಕಿ ಶೇ 75ಕ್ಕಾದರೂ ಹಣ ಬಾರದಿದ್ದರೆ ಕಥೆ ಮುಂದುವರಿಯುವುದಿಲ್ಲ ಎಂಬ ಷರತ್ತಿತ್ತು. ಮೊದಲ ಮೂರು ಕಂತುಗಳಲ್ಲಿ ಪಾವತಿ ಆ ಗೆರೆಯ ಆಸುಪಾಸಿನಲ್ಲೇ ಇತ್ತು. ನಾಲ್ಕನೆಯ ಕಂತಿಗೆ ಪುಟಗಳು ಹೆಚ್ಚಿದವು, ಬೆಲೆ ಎರಡು ಡಾಲರ್ ಆಯಿತು, ಪಾವತಿ ಶೇ 46ಕ್ಕೆ ಕುಸಿಯಿತು. ಆರು ಕಂತು ಮುಗಿದ ಮೇಲೆ, ಡಿಸೆಂಬರಿನಲ್ಲಿ, ಬೇರೆ ಬರಹಗಳ ಕೆಲಸವಿದೆಯೆಂದು ಕಿಂಗ್ ನಿಲ್ಲಿಸಿದರು. ಕಾದಂಬರಿ ಇಂದಿಗೂ ಅಪೂರ್ಣ.

ಸೋಲಿನ ಪುರಾವೆಯೆಂದು ಎಲ್ಲರೂ ಬೆರಳಿಡುವುದು ಈ 46ರ ಮೇಲೆ. ಆದರೆ ಲೆಕ್ಕ ಹಾಕಿ ನೋಡೋಣ. ನೂರು ಡೌನ್‌ಲೋಡ್‌ಗಳಿಗೆ ಮೊದಲು ಬರುತ್ತಿದ್ದದ್ದು ಸುಮಾರು 75 ಡಾಲರ್. ನಾಲ್ಕನೆಯ ಕಂತಿನಲ್ಲಿ ಬಂದದ್ದು 92. ಕೊಡುವವರ ಪಾಲು ಇಳಿದರೂ ಪ್ರತಿಯೊಂದರ ಸರಾಸರಿ ಗಳಿಕೆ ಏರಿತ್ತು. ಡೌನ್‌ಲೋಡ್‌ಗಳ ಸಂಖ್ಯೆಯೂ ಕಡಿಮೆಯಾಗಿತ್ತು ನಿಜ; ಆದ್ದರಿಂದ ಒಟ್ಟು ಆದಾಯ ಹೆಚ್ಚಿತೆಂದು ನಾನು ಹೇಳಲಾರೆ. ಇನ್ನೊಂದು ತೊಡಕಿದೆ. ಇಲ್ಲಿ ಎಣಿಕೆಗೆ ಸಿಕ್ಕದ್ದು ಡೌನ್‌ಲೋಡ್, ಓದುಗನಲ್ಲ. ಒಮ್ಮೆ ಹಣ ಕೊಟ್ಟು ಎರಡು ಕಂಪ್ಯೂಟರಿಗೆ ಇಳಿಸಿಕೊಂಡವನು ಆ ಪಟ್ಟಿಯಲ್ಲಿ ಅರ್ಧ ಕಳ್ಳನಾಗುತ್ತಾನೆ. ಎಲ್ಲ ಮುಗಿದ ಮೇಲೆ ಸುಮಾರು 4.6 ಲಕ್ಷ ಡಾಲರ್ ಉಳಿದಿತ್ತೆಂದು ಕಿಂಗ್ ಅವರೇ ಲೆಕ್ಕ ಪ್ರಕಟಿಸಿದರು. ಇದನ್ನು ಸೋಲೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಎಡವಿದ್ದು ಎಲ್ಲಿ? ಷರತ್ತಿನಲ್ಲಿ ಎಂಬುದು ನನ್ನ ಊಹೆ. ತಪ್ಪದೆ ಡಾಲರ್ ಕೊಟ್ಟ ಓದುಗನ ಕಥೆ, ಕೊಡದ ಅಪರಿಚಿತನ ಕೈಯಲ್ಲಿತ್ತು. ಮುಗಿಯುತ್ತದೋ ಇಲ್ಲವೋ ತಿಳಿಯದ ಕಾದಂಬರಿಗೆ ಮುಂದೆ ಮುಂದೆ ಹೆಚ್ಚು ಹಣ ಕೊಡಬೇಕಿತ್ತು. ಚೀನಾದ ಚಿದ್ಯೆನ್ ಜಾಲತಾಣ 2003ರಲ್ಲಿ ಹಿಡಿದ ದಾರಿ ಬೇರೆ: ಆರಂಭದ ಅಧ್ಯಾಯಗಳು ಉಚಿತ, ಆಮೇಲೆ ಸಾವಿರ ಅಕ್ಷರಕ್ಕೆ ಎರಡು ಮೂರು ಫೆನ್, ಅಂದರೆ ಯುವಾನಿನ ನೂರರಲ್ಲಿ ಎರಡು ಮೂರು ಭಾಗ. ಅಲ್ಲಿ ಕೊಟ್ಟವನಿಗೆ ಅಧ್ಯಾಯ ತೆರೆಯುತ್ತದೆ. ನೆರೆಯವನು ಕೊಟ್ಟನೋ ಬಿಟ್ಟನೋ ಅವನಿಗೆ ಸಂಬಂಧವಿಲ್ಲ. ಅಚ್ಚಿನ ಲೋಕದಲ್ಲಿ ನಮಗೂ ಇದರ ಅನುಭವ ಉಂಟು. ಜಿ.ಬಿ. ಜೋಶಿ 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತದ್ದು. ಚಂದಾ ಕಟ್ಟಿದವರು ಪುಸ್ತಕ ಮನೆಗೆ ಬರುತ್ತದೆಂದು ನಂಬಿದ್ದರು, ಬರುತ್ತಲೂ ಇತ್ತು.

ಆದ್ದರಿಂದ ಲೇಖಕರು ಹಣ ಕೇಳಬೇಕು, ಸಂಕೋಚವಿಲ್ಲದೆ ಕೇಳಬೇಕು ಎಂಬುದು ನನ್ನ ನಿಲುವು. ಬರಹ ದುಡಿಮೆ, ಅದರ ಕೂಲಿಯನ್ನು ಜಾಹೀರಾತುದಾರರ ಮರ್ಜಿಗೆ ಬಿಟ್ಟರೆ ಏನನ್ನು ಬರೆಯಬೇಕೆಂಬ ತೀರ್ಮಾನವೂ ನಿಧಾನವಾಗಿ ಅವರ ಪಾಲಾಗುತ್ತದೆ. ಆದರೂ ಈ ನಿಲುವಿಗೆ ಮಿತಿಗಳಿವೆ. ಕಿಂಗ್ ಆಗಲೇ ಜಗತ್ಪ್ರಸಿದ್ಧರು. ಅವರ ಅಂಕಿಗಳನ್ನು ಮೊದಲ ಕಥೆ ಬರೆಯುವವರಿಗೆ ಅನ್ವಯಿಸುವುದು ಸರಿಯಲ್ಲ. ಚೀನಾದಷ್ಟು ದೊಡ್ಡ ಓದುಗವರ್ಗ ಕನ್ನಡಕ್ಕಿಲ್ಲ; ಸಾವಿರ ಅಕ್ಷರಕ್ಕೆ ಕೆಲವು ಪೈಸೆಯ ದರ ಇಲ್ಲಿ ಲೇಖಕರ ಚಹಾ ಖರ್ಚಿಗೂ ಸಾಲದಿರಬಹುದು. ಆಂಡಿ ವಿಯರ್ ಅವರ ‘ದಿ ಮಾರ್ಷಿಯನ್’ ಅಂತೂ ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಅದು ಮೊದಲು ಅವರ ಜಾಲತಾಣದಲ್ಲಿ ಪುಕ್ಕಟೆಯಾಗಿಯೇ ಓದುಗರನ್ನು ಕಂಡುಕೊಂಡಿತು. ಕಿಂಡಲ್‌ನಲ್ಲಿ 99 ಸೆಂಟಿಗೆ ಮಾರಾಟವಾದದ್ದು ಆಮೇಲೆ, ಓದುಗರೇ ಕೇಳಿಕೊಂಡ ಮೇಲೆ.

ಹೆಸರಿಲ್ಲದ ಲೇಖಕ ಎಷ್ಟು ಕಾಲ, ಎಷ್ಟು ಪುಟ ಉಚಿತವಾಗಿ ಕೊಟ್ಟು ಆಮೇಲೆ ಬೆಲೆ ಹೇಳಬೇಕು ಎಂಬ ಪ್ರಶ್ನೆಗೆ ಇಲ್ಲಿನ ಸಾಮಗ್ರಿಯಿಂದ ಉತ್ತರ ಹೊರಡುವುದಿಲ್ಲ. ಮೊಬೈಲಿನಲ್ಲೇ ಹತ್ತು ರೂಪಾಯಿ ಕಳಿಸುವುದು ಸಲೀಸಾಗಿರುವ ಇಂದಿನ ಕನ್ನಡ ಓದುಗರನ್ನೇ ಮುಂದಿಟ್ಟುಕೊಂಡು, ಡೌನ್‌ಲೋಡ್‌ಗಳನ್ನಲ್ಲ, ಓದುಗರನ್ನು ಎಣಿಸಿ ಅದನ್ನು ಪರಿಶೀಲಿಸಬೇಕಾಗಿದೆ.