ನಾಲ್ಕು ವರ್ಷ ಕಾಯಿಸಿದ ಬಿಡುಗಡೆ

ಎಲಿಜಬೆತ್ ಬೋರ್ಟನ್ ದೆ ತ್ರೆವಿನ್ಯೊ ಬರೆದ ‘ಐ, ಹುವಾನ್ ದೆ ಪರೇಹಾ’ 1966ರಲ್ಲಿ ನ್ಯೂಬೆರಿ ಪದಕ ಪಡೆದ ಮಕ್ಕಳ ಕಾದಂಬರಿ. ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ಗುಲಾಮ ಪರೇಹಾ ಅದರ ನಾಯಕ. ಕಥೆ ಹೇಳುವವನೂ ಅವನೇ. ಒಡೆಯನ ಕಣ್ಣು ತಪ್ಪಿಸಿ ಚಿತ್ರ ಬರೆಯಲು ಕಲಿಯುತ್ತಾನೆ. ಕೊನೆಗೆ ದೊರೆ ನಾಲ್ಕನೇ ಫಿಲಿಪ್‌ನ ಮುಂದೆ ಗುಟ್ಟು ಬಿಚ್ಚಿಟ್ಟಾಗ ಅಲ್ಲೇ ಬಿಡುಗಡೆ ಸಿಗುತ್ತದೆ. ಇದರಲ್ಲಿ ದಾಖಲೆ ಎಷ್ಟು, ಕಲ್ಪನೆ ಎಷ್ಟು ಎಂದು ಹುಡುಕಲು ಹೊರಟೆ.

ಜಾಡು ಮೊದಲು ತಲುಪಿದ್ದು 1724ಕ್ಕೆ. ಆ ವರ್ಷ ಅಂತೋನಿಯೊ ಪಲೋಮಿನೊ ಸ್ಪೇನಿನ ಕಲಾವಿದರ ಚರಿತ್ರೆಗಳನ್ನು ಅಚ್ಚು ಹಾಕಿಸಿದ. ಪರೇಹಾ ಬರೆದು ಗೋಡೆಗೆ ಮುಖ ಮಾಡಿಟ್ಟಿದ್ದ ಚಿತ್ರವನ್ನು ದೊರೆ ತಿರುಗಿಸಿ ನೋಡಿದ ಪ್ರಸಂಗ ಅಲ್ಲಿದೆ. ಪರೇಹಾ ತೀರಿಕೊಂಡು ಸುಮಾರು ಅರ್ಧ ಶತಮಾನದ ಮೇಲೆ ಬರೆದದ್ದು. ಕಾದಂಬರಿಯ ಬೀಜ ಇದೇ.

ಕಾಗದದ ಸಾಕ್ಷಿ ಸಿಕ್ಕಿದ್ದು ಮಾತ್ರ ರೋಮ್‌ನಲ್ಲಿ. ಅಲ್ಲಿನ ದಫ್ತರಖಾನೆಯಲ್ಲಿದ್ದ ಬಿಡುಗಡೆ ಪತ್ರವನ್ನು ಕಲಾ ಇತಿಹಾಸಕಾರ್ತಿ ಜೆನಿಫರ್ ಮಾಂಟೆಗ್ಯೂ 1983ರಲ್ಲಿ ಪ್ರಕಟಿಸಿದರು. ಕಾದಂಬರಿ ಬಂದು ಆಗಲೇ 18 ವರ್ಷವಾಗಿತ್ತು. ಪತ್ರದ ತಾರೀಖು 1650ರ ನವೆಂಬರ್ 23. ಅದೇ ವರ್ಷದ ಮಾರ್ಚ್‌ನಲ್ಲಿ ವೆಲಾಸ್ಕೆಸ್ ಬರೆದ ಪರೇಹಾನ ಭಾವಚಿತ್ರವನ್ನು ಪ್ಯಾಂಥಿಯಾನ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ರೋಮ್ ಆ ಚಿತ್ರವನ್ನು ಕೊಂಡಾಡುತ್ತಿದ್ದಾಗ ಚಿತ್ರದೊಳಗಿನ ಮನುಷ್ಯ ಇನ್ನೂ ಗುಲಾಮ. ಪತ್ರದ ಷರತ್ತು ಓದಿ ಎದೆ ಭಾರವಾಯಿತು: ಮುಂದಿನ 4 ವರ್ಷ ಓಡಿಹೋಗಕೂಡದು, ಅಪರಾಧ ಎಸಗಕೂಡದು, ಆಮೇಲಷ್ಟೇ ಸ್ವಾತಂತ್ರ್ಯ.

ಪರೇಹಾ ತನ್ನ ಸಾಕ್ಷಿಯನ್ನೂ ಬಿಟ್ಟುಹೋಗಿದ್ದಾನೆ. ಮ್ಯಾಡ್ರಿಡ್‌ನ ಪ್ರಾಡೋದಲ್ಲಿ ಅವನು ಬರೆದ ‘ಸಂತ ಮತ್ತಾಯನಿಗೆ ಕರೆ’ ಇದೆ. ಎಡ ಅಂಚಿನಲ್ಲಿ ಅವನೇ ನಿಂತಿದ್ದಾನೆ. ದೃಷ್ಟಿ ನೇರ ನಮ್ಮತ್ತ. ಕೈಯಲ್ಲೊಂದು ಕಾಗದ, ಅದರ ಮೇಲೆ ಅವನ ಹೆಸರು, 1661ರ ಇಸವಿ. ಕಪ್ಪು ಜನರ ಇತಿಹಾಸ ಕೂಡಿಡುತ್ತಿದ್ದ ಆರ್ತುರೊ ಶೋಂಬರ್ಗ್ 1926ರಲ್ಲಿ ನ್ಯೂಯಾರ್ಕಿನಿಂದ ಸ್ಪೇನಿಗೆ ಹೋಗಿ ಈ ಚಿತ್ರವನ್ನು ಅರಸಿ ಕಂಡರು.

ಗುಲಾಮನ ಬಾಯಿಂದಲೇ ಕಥೆ ಹೇಳಿಸಿದ ಕಾದಂಬರಿಯ ಮೇಲೆ ನನ್ನ ಗೌರವ ಕುಗ್ಗಿಲ್ಲ. ಆದರೆ ಒಡೆಯನ ಔದಾರ್ಯದಿಂದ ಒಂದೇ ಗಳಿಗೆಯಲ್ಲಿ ಬರುವ ಬಿಡುಗಡೆ ಮಗುವಿಗೆ ಕೃತಜ್ಞತೆ ಕಲಿಸುತ್ತದೆ. ರೋಮ್‌ನ ಪತ್ರ ಪ್ರಶ್ನೆ ಕಲಿಸುತ್ತದೆ: ಬಿಡುತ್ತೇನೆಂದು ಬರೆದುಕೊಟ್ಟ ಮೇಲೂ ನಾಲ್ಕು ವರ್ಷ ಯಾಕೆ ಹಿಡಿದಿಟ್ಟುಕೊಂಡ? ಗುಲಾಮಗಿರಿಯ ಕಥೆಯನ್ನು ಮಕ್ಕಳಿಗೆ ಹೇಳುವವರು ಈ ಪ್ರಶ್ನೆಯನ್ನು ಮುಚ್ಚಿಡಬಾರದು. ಕೇಳುವ ಶಕ್ತಿ ಮಕ್ಕಳಿಗಿದೆ.